ಎತ್ತು ಏರಿಗೆ, ಕೋಣ ನೀರಿಗೆ

ಮೊನ್ನೆ ಭಾನುವಾರ ಕಟ್ಟಾಯದ ಮನೆಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಹಾಸನಕ್ಕೆ ಬಸ್ಸಿನಲ್ಲಿ ಹೋಗಿಬಂದು ಪ್ರಥಮ ಪಿಯುಸಿ ಓದುವ ಪಕ್ಕದ ಮನೆ ಹುಡುಗ ರಸಾಯನಶಾಸ್ತ್ರದ ಉತ್ತರ ಪತ್ರಿಕೆ ತಂದು ಮುಂದೆ ಹಿಡಿದ. ಇಂಗಾಲದ ಡೈಆಕ್ಸೈಡ್ ಅಣು ಧ್ರುವೀಯವೋ ಅಧ್ರುವೀಯವೋ, ಕಾರಣ ಕೊಡಿ ಅಂತ ಎರಡು ಅಂಕದ ಪ್ರಶ್ನೆ. ಇವನು ಬರೆದದ್ದು: ಇಂಗಾಲಕ್ಕೂ ಆಮ್ಲಜನಕಕ್ಕೂ ನಡುವಿನ ಬಂಧ ಧ್ರುವೀಯ, ಆದ್ದರಿಂದ ಅಣುವೂ ಧ್ರುವೀಯ. ಮೇಷ್ಟ್ರು ಕೆಂಪು ಶಾಯಿಯಲ್ಲಿ ದುಂಡಗೆ ಸೊನ್ನೆ ಸುತ್ತಿದ್ದರು. “ಅರ್ಧ ಸರಿ ಇದೆಯಲ್ಲ ದೊಡ್ಡಮ್ಮ, ಒಂದಾದರೂ ಕೊಡಬಹುದಿತ್ತು” ಅಂದ. ನಾನಾಗಿದ್ದರೆ ಒಂದು ಅಂಕ ಕೊಟ್ಟು ಒಂದು ಗಂಟೆ ಬೈಯುತ್ತಿದ್ದೆ. ವರ್ಷಗಟ್ಟಲೆ ಇದೇ ಪಾಠ ಮಾಡಿ ನಿವೃತ್ತಳಾದವಳು ನಾನು. ಈ ಒಂದು ತಪ್ಪನ್ನು ನೋಡಿ ನೋಡಿ ಕಣ್ಣು ಸವೆದಿವೆ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಕೇಳಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಕಾಲೇಜಿನಲ್ಲಿ ಇಂಗ್ಲಿಷ್ ಪುಸ್ತಕದ ಮುಂದೆ ಕಣ್ಣು ಕಣ್ಣು ಬಿಡುವ ಮಕ್ಕಳಿಗೆ ಮುಖ್ಯವಾಗಿ ಈ ಮಾತು. ನೀವು ದಡ್ಡರಲ್ಲ. ನಿಮ್ಮ ಕೆಟ್ಟ ಅಭ್ಯಾಸ ಒಂದೇ: ಚಿತ್ರ ಬರೆಯದೆ ಉತ್ತರ ಬರೆಯುವುದು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೊದಲು ಎಳೆಯುವವರು ಯಾರು ಅಂತ ತಿಳಿಯಿರಿ. ಎರಡು ಮನೆಗೆ ಸೇರಿ ಒಂದು ಜಂಟಿ ಬಾವಿ ಇದೆ ಅಂದುಕೊಳ್ಳಿ. ಪತ್ರದಲ್ಲಿ ಇಬ್ಬರಿಗೂ ಸಮಪಾಲು. ಆದರೆ ಒಬ್ಬನ ಮೋಟಾರು ದೊಡ್ಡದು, ನೀರು ಅವನ ಗದ್ದೆಯ ಕಡೆಗೇ ಹೆಚ್ಚು ಹರಿಯುತ್ತದೆ. ಎರಡು ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡಾಗಲೂ ಇಷ್ಟೇ. ಯಾರ ಸೆಳೆತ ಜಾಸ್ತಿಯೋ ಅವನ ಕಡೆ ಎಲೆಕ್ಟ್ರಾನ್ ವಾಲುತ್ತದೆ, ಆ ಕಡೆ ಚೂರು ಋಣ, ಈ ಕಡೆ ಚೂರು ಧನ. ಈ ಸೆಳೆತಕ್ಕೆ ವಿದ್ಯುದೃಣತೆ ಅನ್ನುತ್ತಾರೆ. ಲೈನಸ್ ಪಾಲಿಂಗ್ 1932ರಲ್ಲಿ ಅದಕ್ಕೊಂದು ಅಳತೆ ಕೊಟ್ಟ. ಜಲಜನಕ 2.20, ಇಂಗಾಲ 2.55, ಸಾರಜನಕ 3.04, ಕ್ಲೋರಿನ್ 3.16, ಆಮ್ಲಜನಕ 3.44, ಫ್ಲೋರಿನ್ 3.98. ಈ ಆರು ಸಂಖ್ಯೆ ಬಾಯಿಗಿರಲಿ. ಬಾಯಿಪಾಠವನ್ನು ನಾನು ಪೂರಾ ಬೇಡ ಅನ್ನುವವಳಲ್ಲ. ಎಲ್ಲಿ ಬೇಕೋ ಅಲ್ಲಿಗೆ ಮಾತ್ರ.

ನೀವು ಎಡವುವುದು ಇದಾದ ಮೇಲೆ. ಬಂಧದಲ್ಲಿ ಎಳೆತ ಇದೆ ಅಂದಮಾತ್ರಕ್ಕೆ ಅಣು ಒಂದು ಕಡೆಗೆ ವಾಲಿತು ಅಂತ ಹೇಗೆ ಹೇಳುತ್ತೀರಿ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಗಾದೆ ನಿಮ್ಮ ಅಜ್ಜನ ಬಾಯಲ್ಲಿ ಕೇಳಿಲ್ಲವೇ? ಒಂದೇ ನೊಗಕ್ಕೆ ಕಟ್ಟಿದ ಎರಡೂ ಪ್ರಾಣಿ ಜೀವ ಬಿಟ್ಟು ಎಳೆಯುತ್ತಿವೆ, ಬಂಡಿ ಮಾತ್ರ ಇದ್ದಲ್ಲೇ ಇದೆ. ಇಂಗಾಲದ ಡೈಆಕ್ಸೈಡ್ ಅಂದರೆ ಇದೇ ಬಂಡಿ. ನಡುವೆ ಇಂಗಾಲ, ಎಡಕ್ಕೊಂದು ಬಲಕ್ಕೊಂದು ಆಮ್ಲಜನಕ, ಮೂರೂ ಒಂದೇ ಗೆರೆಯಲ್ಲಿ, 180 ಡಿಗ್ರಿ. ಎಡಗಡೆಯ ಎಳೆತ ಎಷ್ಟೋ ಬಲಗಡೆಯದೂ ಅಷ್ಟೇ. ಕೂಡಿ ಕಳೆದರೆ ಸೊನ್ನೆ. ಹುಡುಗನಿಗೆ ಬಿದ್ದ ಸೊನ್ನೆಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ನೆನಪಿಟ್ಟುಕೊಳ್ಳುವುದಕ್ಕೆ ಒಳ್ಳೆಯದು.

ಈಗ ನೀರು ನೋಡಿ. ಅಲ್ಲೂ ಮೂರೇ ಪರಮಾಣು, ಅಲ್ಲೂ ಎರಡೇ ಬಂಧ. ಆದರೆ ಆಮ್ಲಜನಕದ ಹತ್ತಿರ ಅಣು ಬಾಗಿದೆ, ಕೋನ 104.5 ಡಿಗ್ರಿ. ಎರಡು ಎತ್ತುಗಳನ್ನೂ ಹೆಚ್ಚುಕಡಿಮೆ ಒಂದೇ ಕಡೆಗೆ ತಿರುಗಿಸಿ ಹೂಡಿದ ಹಾಗೆ. ಅಡ್ಡಡ್ಡದ ಎಳೆತ ಒಂದನ್ನೊಂದು ಹೊಡೆದುಹಾಕುತ್ತದೆ, ಮುಂದಕ್ಕಿನ ಎಳೆತ ಕೂಡಿಕೊಳ್ಳುತ್ತದೆ. ಉಳಿದ ಒಟ್ಟು ಎಳೆತಕ್ಕೆ ಡೈಪೋಲ್ ಮೊಮೆಂಟ್ ಅಂತ ಹೆಸರು, ಅಳೆಯುವ ಮಾನ ಡಿಬೈ. ಈ ವಿಷಯದ ಕೆಲಸಕ್ಕೇ 1936ರಲ್ಲಿ ನೊಬೆಲ್ ಪಡೆದ ಪೀಟರ್ ಡಿಬೈ ಹೆಸರದು. ನೀರಿನದು 1.85 ಡಿಬೈ, ಇಂಗಾಲದ ಡೈಆಕ್ಸೈಡಿನದು ಸೊನ್ನೆ.

“ಬಾಗುವುದು ಯಾಕೆ?” ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತೀರಿ. ಒಂಟಿ ಜೋಡಿಗಳನ್ನು ಮರೆತದ್ದೇ ಕಾರಣ. ಆಮ್ಲಜನಕದ ಬಳಿ ಬಂಧಕ್ಕೆ ಸೇರದ ಎರಡು ಎಲೆಕ್ಟ್ರಾನ್ ಜೋಡಿ ಕೂತಿವೆ. ಮದುವೆ ಮನೆಯಲ್ಲಿ ಕೆಲಸಕ್ಕೆ ಕೈಹಾಕದೆ ಜಗಲಿ ತುಂಬ ಕಾಲು ಚಾಚಿ ಕೂತ ಹಿರಿಯರ ಹಾಗೆ, ಅವರಿಗೂ ಜಾಗ ಬೇಕು, ಉಳಿದವರಿಗಿಂತ ಒಂದು ಗೇಣು ಜಾಸ್ತಿಯೇ ಬೇಕು. ಅವು ಒತ್ತುವುದರಿಂದ ಜಲಜನಕಗಳು ಹತ್ತಿರ ಸರಿಯುತ್ತವೆ. ಎಲೆಕ್ಟ್ರಾನ್ ಜೋಡಿಗಳು ಆದಷ್ಟು ದೂರ ದೂರ ನಿಲ್ಲುತ್ತವೆ, ಅದರಿಂದಲೇ ಅಣುವಿನ ಆಕಾರ ಅನ್ನುವ ಮಾತನ್ನು 1940ರಲ್ಲಿ ಸಿಜ್‌ವಿಕ್ ಮತ್ತು ಪೊವೆಲ್ ಎತ್ತಿದರು, 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ಪಾಠದ ರೂಪಕ್ಕೆ ತಂದರು. ನೀವು ಅದಕ್ಕೆ ಇಂಗ್ಲಿಷಿನ ಐದಕ್ಷರದ ಹೆಸರು ಕೊಟ್ಟು ಉರು ಹೊಡೆದಿರುತ್ತೀರಿ. ಹೆಸರು ಗೊತ್ತು, ಕೆಲಸ ಗೊತ್ತಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು.

ಆದ್ದರಿಂದ ಪೆನ್ನು ಹಿಡಿದ ಕೂಡಲೇ ನಡುವಿನ ಪರಮಾಣುವಿನ ಸುತ್ತ ಒಂಟಿ ಜೋಡಿ ಎಷ್ಟಿವೆ ಅಂತ ಎಣಿಸಿ. ಎಣಿಸದೆ ಮುಂದೆ ಹೋಗಬೇಡಿ. ಬೋರಾನ್ ಟ್ರೈಫ್ಲೋರೈಡಿನಲ್ಲಿ ಒಂದೂ ಇಲ್ಲ. ಮೂರು ಫ್ಲೋರಿನ್‌ಗಳು ಚಪ್ಪಟೆಯಾಗಿ 120 ಡಿಗ್ರಿಗೊಂದರಂತೆ ನಿಲ್ಲುತ್ತವೆ, ಎಳೆತ ಸೊನ್ನೆ. ಅಮೋನಿಯದಲ್ಲಿ ಒಂದು ಇದೆ. ಮೂರು ಜಲಜನಕ ಕೆಳಕ್ಕೆ ಬಾಗಿ ಮುಕ್ಕಾಲಿ ಪೀಠದ ಹಾಗಾಗುತ್ತವೆ, 1.47 ಡಿಬೈ ಬರುತ್ತದೆ. ಬರೆಯುವಾಗ ಎರಡೂ ಒಂದಕ್ಕೆ ಮೂರು ಕೈ. ಆಕಾರ ಬೇರೆ, ಗುಣ ಬೇರೆ.

ಇನ್ನು ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ನಾಲ್ಕು ಕೈಯ ಅಣುವನ್ನು ಕಾಗದದ ಮೇಲೆ ಅಧಿಕ ಚಿಹ್ನೆಯ ಹಾಗೆ ಚಪ್ಪಟೆಯಾಗಿ ಬರೆದು, ಅದೇ ನಿಜ ಅಂತ ನಂಬುತ್ತೀರಿ. ಡೈಕ್ಲೋರೋಮೀಥೇನನ್ನು ಹಾಗೆ ಬರೆದು ನೋಡಿ. ಎರಡು ಕ್ಲೋರಿನ್ ಎಡಬಲಕ್ಕೆ ಇಟ್ಟರೆ ಎಳೆತ ಸೊನ್ನೆ ಅನ್ನಿಸುತ್ತದೆ. ಒಂದನ್ನು ಮೇಲೆ, ಒಂದನ್ನು ಬಲಕ್ಕೆ ಇಟ್ಟರೆ ಸೊನ್ನೆ ಅಲ್ಲ ಅನ್ನಿಸುತ್ತದೆ. ಒಂದೇ ವಸ್ತು ಎರಡು ಥರ ಇರುವುದುಂಟೇ? ತಪ್ಪು ಅಣುವಿನದಲ್ಲ, ನಿಮ್ಮ ಹಾಳೆಯದು. ಅಣು ಹಾಳೆಯ ಮೇಲೆ ಮಲಗಿಲ್ಲ, ಗಾಳಿಯಲ್ಲಿ ನಾಲ್ಕು ದಿಕ್ಕಿಗೆ ಕೈ ಚಾಚಿದೆ. ಅದರ ಅಳೆದ ಬೆಲೆ ಸುಮಾರು 1.6 ಡಿಬೈ. ಚೆನ್ನಾಗಿಯೇ ಧ್ರುವೀಯ.

ಇದಕ್ಕೆ ಮದ್ದು ನಿಮ್ಮ ಮನೆಯ ಅಟ್ಟದಲ್ಲೇ ಇದೆ. ಹಾಸನದ ಕಡೆ ಆಲೂಗಡ್ಡೆಗೆ ಬರವಿಲ್ಲ. ಮಾರಾಟಕ್ಕೆ ಹೋಗದ, ನಿಂಬೆಹಣ್ಣಿನ ಗಾತ್ರದ ಗಡ್ಡೆ ಒಂದು ತೆಗೆದುಕೊಳ್ಳಿ. ಪೊರಕೆಯಿಂದ ನಾಲ್ಕು ತೆಂಗಿನ ಕಡ್ಡಿ ಕೀಳಿ, ಅಮ್ಮ ಬೈದರೆ ನನ್ನ ಹೆಸರು ಹೇಳಿ. ನಾಲ್ಕನ್ನೂ ಒಂದೇ ಉದ್ದಕ್ಕೆ ಮುರಿದು, ಒಂದರಿಂದ ಒಂದು ಆದಷ್ಟು ದೂರ ಇರುವಂತೆ ಗಡ್ಡೆಗೆ ಚುಚ್ಚಿ. ಸರಿಯಾಯಿತೋ ಇಲ್ಲವೋ ಅಂತ ನೋಡುವುದು ಹೇಗೆ? ಹೊಲದ ಬದುವಿನಲ್ಲಿ ನೆಗ್ಗಿಲ ಮುಳ್ಳು ಕಂಡಿದ್ದೀರಲ್ಲ, ಬರಿಗಾಲಿನಲ್ಲಿ ತುಳಿದೂ ಇರುತ್ತೀರಿ. ಹೇಗೆ ಬಿದ್ದರೂ ಅದರದ್ದೊಂದು ಮೊನೆ ಮೇಲಕ್ಕೇ ನಿಂತಿರುತ್ತದೆ. ನಿಮ್ಮ ಗಡ್ಡೆಯೂ ಹಾಗೇ ಇರಬೇಕು. ಯಾವ ಮೂರು ಕಡ್ಡಿಯ ಮೇಲೆ ನಿಲ್ಲಿಸಿದರೂ ನಾಲ್ಕನೆಯದು ನೆಟ್ಟಗೆ ಮೇಲಕ್ಕಿರಬೇಕು, ನಾಲ್ಕು ಸಲವೂ ಒಂದೇ ಥರ ಕಾಣಬೇಕು. ಆಗ ಕಡ್ಡಿ ಕಡ್ಡಿಯ ನಡುವೆ 109.5 ಡಿಗ್ರಿ ತಾನಾಗಿ ಬಂದಿರುತ್ತದೆ, ಕೋನಮಾಪಕ ಬೇಡ.

ಈಗ ಎಲ್ಲ ಕಡ್ಡಿಯ ತುದಿಗೂ ಒಂದೊಂದು ಅವರೆಕಾಳು ಸಿಕ್ಕಿಸಿ, ಅದು ಕ್ಲೋರಿನ್. ಇದು ಕಾರ್ಬನ್ ಟೆಟ್ರಾಕ್ಲೋರೈಡ್. ಮೇಲಿನ ಕಡ್ಡಿ ನೆಟ್ಟಗೆ ಮೇಲಕ್ಕೆ ಎಳೆಯುತ್ತದೆ. ಕೆಳಗಿನ ಮೂರೂ ಓರೆಯಾಗಿ ಎಳೆಯುತ್ತವೆ. ಲೆಕ್ಕ ಹಾಕಿದರೆ ಒಂದೊಂದರ ಕೆಳಮುಖದ ಪಾಲು ಸರಿಯಾಗಿ ಮೂರನೇ ಒಂದು. ಮೂರು ಸೇರಿ ಒಂದಾಯಿತು, ಮೇಲಿನ ಒಂದಕ್ಕೆ ಸಮನಾಯಿತು. ಅಡ್ಡದ ಪಾಲುಗಳು ತಮ್ಮ ತಮ್ಮಲ್ಲೇ ಕಳೆದುಹೋದವು. ಬಾಕಿ ಸೊನ್ನೆ. ಕ್ಲಾಸಿನಲ್ಲಿ ಈ ಮೂರನೇ ಒಂದರ ಲೆಕ್ಕ ತೋರಿಸಿದಾಗ ಕೊನೆಯ ಬೆಂಚಿನಲ್ಲೂ ಒಬ್ಬರಾದರೂ “ಓ” ಅನ್ನುತ್ತಿದ್ದರು. ಆ ಒಂದು “ಓ”ಗಾಗಿ ಬಿಸಿಲಿನಲ್ಲಿ ಬಸ್ಸು ಕಾಯುವುದೂ ಬೇಸರವಾಗುತ್ತಿರಲಿಲ್ಲ.

ಕಾಳುಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ, ಕ್ಲೋರಿನ್ ಹೋಗಿ ಜಲಜನಕ ಬಂತು ಅಂತ ಲೆಕ್ಕ. ನಾಲ್ಕು ಕ್ಲೋರಿನ್ ಇದ್ದಾಗ ಸೊನ್ನೆ. ಮೂರು ಇದ್ದರೆ, ಅಂದರೆ ಕ್ಲೋರೋಫಾರಂ, ಸುಮಾರು 1.0. ಎರಡಿದ್ದರೆ 1.6. ಒಂದೇ ಇದ್ದರೆ ಸುಮಾರು 1.9. ಎಳೆಯುವವರು ಕಡಿಮೆಯಾದಷ್ಟೂ ಒಟ್ಟು ಎಳೆತ ಹೆಚ್ಚಾಯಿತು! ಕೊನೆಯ ಕಾಳನ್ನೂ ತೆಗೆದರೆ ಮೀಥೇನ್, ಮತ್ತೆ ಸೊನ್ನೆ. ಹಾಗಾಗಿ “ಧ್ರುವೀಯ ಬಂಧ ಜಾಸ್ತಿ ಇದೆ, ಆದ್ದರಿಂದ ಜಾಸ್ತಿ ಧ್ರುವೀಯ” ಅನ್ನುವ ವಾಕ್ಯವನ್ನು ನಿಮ್ಮ ಉತ್ತರ ಪತ್ರಿಕೆಯಲ್ಲಿ ಇನ್ನೊಮ್ಮೆ ನೋಡಿದರೆ ಕಿವಿ ಹಿಂಡುತ್ತೇನೆ.

ಒಂಟಿ ಜೋಡಿಯ ಎಳೆತವನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಮೋನಿಯದಲ್ಲಿ ಸಾರಜನಕವೇ ಯಜಮಾನ, ಬಂಧಗಳ ಎಳೆತವೂ ಒಂಟಿ ಜೋಡಿಯ ಎಳೆತವೂ ಒಂದೇ ದಿಕ್ಕಿಗೆ. ನೈಟ್ರೋಜನ್ ಟ್ರೈಫ್ಲೋರೈಡಿನಲ್ಲಿ ಫ್ಲೋರಿನ್‌ಗಳು ತಮ್ಮ ಕಡೆ ಎಳೆಯುತ್ತವೆ, ಒಂಟಿ ಜೋಡಿ ಅದಕ್ಕೆ ಎದುರಾಗಿ ನಿಲ್ಲುತ್ತದೆ. ಅಲ್ಲಿ 1.47, ಇಲ್ಲಿ ಬರೀ 0.23. ಫ್ಲೋರಿನ್ ಕಂಡ ತಕ್ಷಣ ದೊಡ್ಡ ಸಂಖ್ಯೆ ಬರೆದುಬಿಡುವವರಿಗೆ ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತೇನೆ.

ಸಮ್ಮಿತಿ ಅನ್ನುವ ಪದಕ್ಕೆ ಹೆದರಬೇಡಿ. ಹೊಯ್ಸಳರ ನಾಡಿನಲ್ಲಿ ಹುಟ್ಟಿ ಸಮ್ಮಿತಿ ಗೊತ್ತಿಲ್ಲ ಅನ್ನುವುದು ಸಮುದ್ರದ ದಂಡೆಯಲ್ಲಿ ಉಪ್ಪಿಲ್ಲ ಅಂದಹಾಗೆ. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವಾಗ ಮೊಸಳೆ ಅನ್ನುವ ಊರಿದೆ. ಹೆಸರು ಕೇಳಿ ದೂರ ನಿಲ್ಲಬೇಡಿ, ಇಳಿದು ನೋಡಿ. ನಾಗೇಶ್ವರ ಮತ್ತು ಚೆನ್ನಕೇಶವ ಅಂತ ಅವಳಿ ಗುಡಿಗಳು, ಅಕ್ಕತಂಗಿಯರ ಹಾಗೆ ಪಕ್ಕಪಕ್ಕದಲ್ಲಿ ನಿಂತಿವೆ. ಎರಡರ ಮುಖವೂ ಪೂರ್ವಕ್ಕೆ. ಒಂದೊಂದು ಗುಡಿಯ ಮುಖವನ್ನು ಒಂದೊಂದು ಬಾಣ ಅಂದುಕೊಳ್ಳಿ. ಎರಡು ಬಾಣವೂ ಒಂದೇ ಕಡೆಗೆ, ಕೂಡಿದರೆ ದುಪ್ಪಟ್ಟು. ಯಾರಾದರೂ ಒಂದು ಗುಡಿಯನ್ನು ಪಶ್ಚಿಮಕ್ಕೆ ತಿರುಗಿಸಿಟ್ಟರೆ ಸೊನ್ನೆ. ಡೈಕ್ಲೋರೋಎಥೀನಿನ ಸಿಸ್ ಮತ್ತು ಟ್ರಾನ್ಸ್ ರೂಪಗಳ ಕಥೆಯೂ ಇದೇ. ಪರಮಾಣುಗಳು ಅವೇ, ಲೆಕ್ಕ ಅದೇ, ತೂಕ ಅದೇ. ಸಿಸ್‌ನಲ್ಲಿ ಎರಡು ಕ್ಲೋರಿನ್ ಒಂದೇ ಪಕ್ಕಕ್ಕೆ, 1.9 ಡಿಬೈ, ಕುದಿಯುವುದು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಟ್ರಾನ್ಸ್‌ನಲ್ಲಿ ಎದುರುಬದುರು, ಸೊನ್ನೆ ಡಿಬೈ, 48ಕ್ಕೇ ಕುದಿಯುತ್ತದೆ. ಒಟ್ಟು ಎಳೆತ ಉಳಿದ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಬಿಡಿಸುವುದಕ್ಕೆ ಹೆಚ್ಚು ಬಿಸಿ ಬೇಕು.

ದೊಡ್ಡಗದ್ದವಳ್ಳಿಗೂ ಒಮ್ಮೆ ಹೋಗಿಬನ್ನಿ. ವಿಷ್ಣುವರ್ಧನನ ಕಾಲದ ಲಕ್ಷ್ಮೀದೇವಿ ಗುಡಿ, ನಾಲ್ಕು ಗರ್ಭಗುಡಿಯ ಚತುಷ್ಕೂಟ. ನಾಲ್ಕು ದಿಕ್ಕಿಗೆ ನಾಲ್ಕು ಅಂದಮೇಲೆ ಎಳೆತ ಸೊನ್ನೆ, ಚಪ್ಪಟೆ ಚೌಕದ ಜೆನಾನ್ ಟೆಟ್ರಾಫ್ಲೋರೈಡಿನ ಹಾಗೆ ಅಂತ ನಾನೂ ಬಹಳ ಕಾಲ ಹೇಳಿಕೊಂಡು ಬಂದೆ. ಆಮೇಲೆ ಒಂದು ದಿನ ಒಳಗೆ ನಿಂತು ಸರಿಯಾಗಿ ನೋಡಿದಾಗ ನಾಚಿಕೆಯಾಯಿತು. ಮೂರು ಗರ್ಭಗುಡಿಗಳು ನಡುವಿನ ಮಂಟಪಕ್ಕೆ ಅಂಟಿಕೊಂಡಿವೆ, ನಾಲ್ಕನೆಯದಕ್ಕೆ ಮಾತ್ರ ನಡುವೆ ಎರಡು ಅಂಕಣದ ಉದ್ದನೆಯ ಹಜಾರ. ಅಂದರೆ ಒಂದು ಕೈ ಉದ್ದ. ಅಣುವಾಗಿದ್ದರೆ ಚೂರು ಎಳೆತ ಉಳಿದೇ ಉಳಿಯುತ್ತಿತ್ತು. ಹೊರಗಿನಿಂದ ನಾಲ್ಕು ಶಿಖರ ಎಣಿಸಿ ತೀರ್ಪು ಕೊಟ್ಟ ನನಗೂ, ಬಂಧ ಎಣಿಸಿ ಉತ್ತರ ಬರೆದ ಹುಡುಗನಿಗೂ ಏನು ವ್ಯತ್ಯಾಸ ಹೇಳಿ.

ಸಮ್ಮಿತಿಯನ್ನು ಪರೀಕ್ಷಿಸುವುದಕ್ಕೆ ಒಂದು ಉಪಾಯ ಹೇಳಿಕೊಡುತ್ತೇನೆ, ಲೆಕ್ಕ ಬೇಡ. ಅಣುವಿನ ಒಟ್ಟು ಎಳೆತ ಒಂದು ಬಾಣ. ಅಣುವನ್ನು ಒಂದು ಅಕ್ಷದ ಸುತ್ತ ತಿರುಗಿಸಿದಾಗ ಅದು ಮೊದಲಿನ ಹಾಗೇ ಕಂಡರೆ, ಬಾಣವೂ ಮೊದಲಿನ ದಿಕ್ಕಿಗೇ ಇರಬೇಕು. ಹಾಗಾಗಬೇಕಾದರೆ ಬಾಣ ಆ ಅಕ್ಷದ ಮೇಲೇ ಮಲಗಿರಬೇಕು. ಅಮೋನಿಯಕ್ಕೆ ಅಂಥ ಅಕ್ಷ ಒಂದೇ, ನೀರಿಗೂ ಒಂದೇ. ಬಾಣಕ್ಕೆ ಜಾಗ ಇದೆ. ಆಲೂಗಡ್ಡೆಯ ಗೊಂಬೆಯಲ್ಲಿ ಕಡ್ಡಿಗೊಂದರಂತೆ ನಾಲ್ಕು ಅಕ್ಷ. ಒಂದು ಬಾಣ ನಾಲ್ಕು ಕಡೆ ಮಲಗುವುದು ಸಾಧ್ಯವೇ? ಎಲ್ಲೂ ಜಾಗ ಸಿಗದೆ ಅದು ಇಲ್ಲವೇ ಆಗುತ್ತದೆ. ಟ್ರಾನ್ಸ್ ರೂಪದಲ್ಲಿ ನಡುಬಿಂದುವಿನ ಮೂಲಕ ಪ್ರತಿ ಪರಮಾಣುವಿಗೂ ಎದುರು ತಮ್ಮ ಇದ್ದಾನೆ, ಅಲ್ಲೂ ಬಾಣ ನಿಲ್ಲುವುದಿಲ್ಲ. ಇದನ್ನು ಕಣ್ಣುಮುಚ್ಚಿ ಒಪ್ಪಬೇಡಿ, ಗಡ್ಡೆ ತಿರುಗಿಸಿ ನೋಡಿ.

ಇನ್ನೊಂದು ತಪ್ಪಿಗೂ ಬೀಳಬೇಡಿ. ಆಕಾರ ವಕ್ರವಾಗಿದ್ದರೆ ಸಾಕು, ಧ್ರುವೀಯ ಅನ್ನುವವರಿದ್ದಾರೆ. ಎಳೆಯುವವರೇ ಇಲ್ಲದಿದ್ದರೆ ವಕ್ರ ಏನು ಮಾಡುತ್ತದೆ? ಸೀಮೆಎಣ್ಣೆಯ ಅಣುಗಳು ಅಂಕುಡೊಂಕು, ಆದರೆ ಇಂಗಾಲಕ್ಕೂ ಜಲಜನಕಕ್ಕೂ ಸೆಳೆತದ ವ್ಯತ್ಯಾಸ 0.35 ಮಾತ್ರ. ಹಾಗಾಗಿ ಅದು ನೀರಿನ ಸಹವಾಸಕ್ಕೆ ಬರುವುದಿಲ್ಲ. ಎಳೆಯುವವನೂ ಬೇಕು, ಎಳೆತ ಕಳೆದುಹೋಗದ ಆಕಾರವೂ ಬೇಕು.

ಇಷ್ಟೆಲ್ಲ ಪರೀಕ್ಷೆಗೆ ಮಾತ್ರ ಅಂದುಕೊಂಡರೆ ನಿಮ್ಮ ಅಡಿಗೆಮನೆ ನಗುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಅಮೋನಿಯ ಒಂದು ಲೀಟರ್ ನೀರಿನಲ್ಲಿ 20 ಡಿಗ್ರಿಗೆ ಸುಮಾರು 700 ಲೀಟರ್ ಕರಗುತ್ತದೆ, ಇಂಗಾಲದ ಡೈಆಕ್ಸೈಡ್ ಒಂದು ಲೀಟರಿನಷ್ಟೂ ಇಲ್ಲ. ಗೊರೂರಿನ ಅಣೆಕಟ್ಟಿನಲ್ಲಿ ನಿಂತ ಹೇಮಾವತಿಯ ನೀರಿನ ಅಣು ನೆಟ್ಟಗೆ ಇದ್ದಿದ್ದರೆ ನಿಮ್ಮ ಸಾರಿಗೆ ಉಪ್ಪು ಹಿಡಿಯುತ್ತಿರಲಿಲ್ಲ. ಬಾಗಿದ ನೀರು ಸೋಡಿಯಂ, ಕ್ಲೋರೈಡ್‌ಗಳ ಸುತ್ತ ಮುತ್ತಿಕೊಂಡು ಅವುಗಳ ಪರಸ್ಪರ ಸೆಳೆತವನ್ನು ಸುಮಾರು ಎಂಬತ್ತನೇ ಒಂದು ಪಾಲಿಗೆ ಇಳಿಸುತ್ತದೆ.

ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ ಅಂತ ಅಜ್ಜಿ ಹೇಳಿದ್ದೂ ಇದೇ ಪಾಠ. ಹಲಸಿನ ಮೇಣ ಅಧ್ರುವೀಯ, ನೀರಿಗೆ ಜಪ್ಪಯ್ಯ ಅಂದರೂ ಬಿಡದು, ಎಣ್ಣೆಗೆ ಬಿಡುತ್ತದೆ. ಮೆಣಸಿನಕಾಯಿಯ ಖಾರವೂ ಎಣ್ಣೆಯ ಜಾತಿ. ನಾಲಿಗೆ ಉರಿದಾಗ ಚೊಂಬುಗಟ್ಟಲೆ ನೀರು ಕುಡಿಯಬೇಡಿ, ಮೊಸರು ತಿನ್ನಿ. ಎಣ್ಣೆ ಸೀಗೆಕಾಯಿ ಸಂಬಂಧ ಅಂತ ಜಗಳಗಂಟಿ ಓರಗಿತ್ತಿಯರನ್ನು ಆಡಿಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ಸೀಗೆಕಾಯಿ ಜಗಳ ಬಿಡಿಸುವವಳು. ಅದರ ಸಪೋನಿನ್ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಸಕ್ಕರೆಯ ಸರಪಳಿಯ ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಎಣ್ಣೆಸ್ನಾನ ಆಗುವುದು ಆ ಎರಡು ಕೈಯಿಂದ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ, ಇದನ್ನು ಮಾತ್ರ ಮರೆಯಲೇಬೇಡಿ. ನೀರು ಎಣ್ಣೆಯಲ್ಲಿ ಬೆರೆಯದೆ ತಳಕ್ಕೆ ಇಳಿದು, ಅಲ್ಲಿ ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನು ಮುಖಕ್ಕೆ ಹಾರಿಸುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ.

ಆಲೂಗಡ್ಡೆ ಬೆಳೆಯುವವರ ಮನೆಯ ಮಕ್ಕಳಿಗೆ ಒಂದು ಮಾತು. ಅಂಗಮಾರಿಗೆ ಔಷಧ ಹೊಡೆಯುವಾಗ ಅಪ್ಪ ಟ್ಯಾಂಕಿಗೆ ಅಂಟು ದ್ರಾವಣ ಹಾಕುವುದು ನೋಡಿರುತ್ತೀರಿ. ಎಲೆಯ ಮೇಲೆ ಮೇಣದ ಪದರ ಇದೆ, ಬರೀ ನೀರು ಕೆಸುವಿನೆಲೆಯ ಮೇಲಿನ ಹನಿಯ ಹಾಗೆ ಉರುಳಿಹೋಗುತ್ತದೆ. ಎರಡು ಕೈಯ ಅಣು ಸೇರಿದರೆ ಹರಡಿಕೊಂಡು ಅಂಟುತ್ತದೆ. ಇದೇ ಕಾರಣಕ್ಕೆ ಎಣ್ಣೆಯ ಜಾತಿಯ ಕೀಟನಾಶಕಗಳು ನಿಮ್ಮ ಚರ್ಮವನ್ನೂ ಸುಲಭವಾಗಿ ಹೊಗುತ್ತವೆ. ಚರ್ಮದಲ್ಲೂ ಕೊಬ್ಬು ಇದೆಯಲ್ಲ. ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ತೊಳೆಯಿರಿ. ಬರೀ ನೀರಿನಲ್ಲಿ ಕೈ ಅದ್ದಿ ಊಟಕ್ಕೆ ಕೂರಬೇಡಿ. ಸೀಮೆಎಣ್ಣೆಯಲ್ಲಂತೂ ತೊಳೆಯಲೇಬೇಡಿ, ಅದು ಔಷಧವನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಅಪ್ಪನಿಗೆ ಹೇಳುವುದಕ್ಕೆ ಸಂಕೋಚವಾದರೆ ಈ ಪುಟ ತೆರೆದು ಅವರ ಮುಂದೆ ಇಟ್ಟುಬಿಡಿ.

ತಲೆ ಬಾಚಿದ ಬಾಚಣಿಗೆಯನ್ನು ನಲ್ಲಿಯ ಸಣ್ಣ ಧಾರೆಯ ಹತ್ತಿರ ಹಿಡಿದರೆ ನೀರು ಬಾಗುತ್ತದೆ. ಒಣಹವೆಯ ದಿನ ಚೆನ್ನಾಗಿ ಆಗುತ್ತದೆ, ಮಾಡಿ ನೋಡಿ. ಆದರೆ “ನೀರು ಧ್ರುವೀಯ, ಅದಕ್ಕೇ ಬಾಗಿತು” ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ನಾನೂ ಹಾಗೇ ಪಾಠ ಮಾಡಿದವಳು, ಒಪ್ಪಿಕೊಳ್ಳುತ್ತೇನೆ. 2000ನೇ ಇಸವಿಯಲ್ಲಿ ಅಮೆರಿಕದ ಮೂವರು ಇದನ್ನು ಪರೀಕ್ಷಿಸಿ, ಬಾಚಣಿಗೆಯ ಆವೇಶದಿಂದ ಧಾರೆಯಲ್ಲೇ ಎದುರು ಆವೇಶ ಸೇರಿಕೊಳ್ಳುವುದು ಮುಖ್ಯ ಕಾರಣ ಅಂತ ತೋರಿಸಿದರು. ನೀರಿನಲ್ಲಿ ಸದಾ ಇರುವ ಅಯಾನುಗಳು ಅದಕ್ಕೆ ದಾರಿ ಮಾಡಿಕೊಡುತ್ತವೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆ ಮೇಷ್ಟ್ರುಗಳಿಗೂ ಅನ್ವಯಿಸುತ್ತದೆ. ಹಾಗೆಯೇ ಇಂಗಾಲದ ಡೈಆಕ್ಸೈಡಿನ ಸೊನ್ನೆಯನ್ನೂ ಕಲ್ಲಿನಲ್ಲಿ ಕೆತ್ತಿದ್ದು ಅಂದುಕೊಳ್ಳಬೇಡಿ. ಅಣು ಸದಾ ನಡುಗುತ್ತಿರುತ್ತದೆ. ಬಾಗಿದ ಗಳಿಗೆಯಲ್ಲಿ, ಒಂದು ಕೈ ಹಿಗ್ಗಿ ಇನ್ನೊಂದು ಕುಗ್ಗಿದ ಗಳಿಗೆಯಲ್ಲಿ ಕ್ಷಣಕಾಲ ಎಳೆತ ಹುಟ್ಟುತ್ತದೆ. ಭೂಮಿಯ ಶಾಖವನ್ನು ಅದು ಹೀರಿಕೊಳ್ಳುವುದು ಆ ನಡುಕದಿಂದಲೇ.

ಇದೆಲ್ಲ ದೂರದ ದೇಶದವರ ವಿದ್ಯೆ ಅಂತಲೂ ಕೈಕಟ್ಟಿ ಕೂರಬೇಡಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡಿದ್ದ ಎಸ್. ಚಂದ್ರಶೇಖರ್, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಜತೆ 1977ರಲ್ಲಿ ಒಂದು ಹೊಸತನ್ನು ಕಂಡರು. ದ್ರವಸ್ಫಟಿಕದ ಅಣು ಕಡ್ಡಿಯ ಹಾಗೆ ಉದ್ದವೇ ಇರಬೇಕು ಅಂತ ಜಗತ್ತು ನಂಬಿತ್ತು. ಇವರು ಬೆನ್ಜೀನ್ ಉಂಗುರದಿಂದ ಆರು ದಿಕ್ಕಿಗೆ ಆರು ಕೈ ಚಾಚಿದ ತಟ್ಟೆಯಾಕಾರದ ಅಣುವೂ ದ್ರವಸ್ಫಟಿಕವಾಗುತ್ತದೆ, ತಟ್ಟೆಯ ಮೇಲೆ ತಟ್ಟೆ ಪೇರಿಸಿದ ಹಾಗೆ ಕಂಬ ಕಟ್ಟುತ್ತದೆ ಅಂತ ತೋರಿಸಿದರು. ಪ್ರಕಟವಾದದ್ದು ಬೆಂಗಳೂರಿನದೇ ಪತ್ರಿಕೆ ‘ಪ್ರಮಾಣ’ದಲ್ಲಿ. ನಡುವೆ ಬಾಗಿದ, ಬಾಳೆಹಣ್ಣಿನಾಕಾರದ ಅಣುಗಳ ಮೇಲೂ ಅಲ್ಲಿ ಆಮೇಲೆ ಕೆಲಸ ನಡೆಯಿತು. ಬುಟ್ಟಿಯಲ್ಲಿ ಬಾಳೆಹಣ್ಣು ಒಂದೇ ಕಡೆ ಡೊಂಕು ಮಾಡಿ ಜೋಡಿಸುತ್ತೀರಲ್ಲ, ಹಾಗೆ ಜೋಡಿಸಿಕೊಂಡಾಗ ಆ ಪದರವೇ ಧ್ರುವೀಯವಾಗುತ್ತದೆ. ಆಕಾರ ನೋಡುವ ಕಣ್ಣು ಇದ್ದವರಿಗೆ ಕೆಲಸ ನಮ್ಮ ರಾಜ್ಯದಲ್ಲೇ ಇತ್ತು, ಈಗಲೂ ಇದೆ.

ಇಂಗ್ಲಿಷಿನ ಭಯಕ್ಕೆ ಒಂದೇ ಮಾತು ಹೇಳುತ್ತೇನೆ. ಯೋಚನೆ ಕನ್ನಡದಲ್ಲೇ ಮಾಡಿ. ಯಾರು ಎಳೆಯುತ್ತಾರೆ, ಯಾವ ಕಡೆಗೆ, ಎದುರು ಯಾರಿದ್ದಾರೆ, ಕಳೆದು ಏನು ಉಳಿಯಿತು ಅಂತ ಮನಸ್ಸಿನಲ್ಲಿ ನಿಮ್ಮ ಮಾತಿನಲ್ಲೇ ಹೇಳಿಕೊಳ್ಳಿ. ಬರೆಯುವ ಇಂಗ್ಲಿಷ್ ವಾಕ್ಯ ಎರಡೇ ಸಾಕಾಗುತ್ತದೆ, ಪಕ್ಕದಲ್ಲಿ ಚಿತ್ರ ಇರಲಿ, ಚಿತ್ರದಲ್ಲಿ ಬಾಣ ಇರಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಬಾಣ ಬರೆಯದೆ ಹೋದ ಎರಡು ಅಂಕವೂ ಹಾಗೇ.

ಹುಡುಗ ಸಂಜೆಯ ತನಕ ಜಗಲಿಯಲ್ಲೇ ಇದ್ದ. ಹೋಗುವ ಮುಂಚೆ ಕೇಳಿದ: “ಓಝೋನಿನಲ್ಲಿ ಮೂರೂ ಆಮ್ಲಜನಕವೇ ಅಲ್ವಾ ದೊಡ್ಡಮ್ಮ, ಹಾಗಾದರೆ ಸೊನ್ನೆ ತಾನೇ?” ನಾನು ಉತ್ತರ ಹೇಳಲಿಲ್ಲ. ಗಡ್ಡೆ ಕೈಗೆ ಕೊಟ್ಟೆ. ಕಾಳು ಎಣಿಸಿದ, ನಡುವಿನ ಆಮ್ಲಜನಕದ ಒಂಟಿ ಜೋಡಿಗೆ ಒಂದು ಕಡ್ಡಿ ಇಟ್ಟ, ಉಳಿದೆರಡನ್ನು ಬಾಗಿಸಿದ. “ನಡುವಿನವನೂ ತುದಿಯವರೂ ಒಂದೇ ಜಾತಿ, ಆದರೂ ಕೂತ ಜಾಗ ಬೇರೆ” ಅಂತ ತನ್ನಷ್ಟಕ್ಕೆ ಅಂದುಕೊಂಡ. ಓಝೋನಿನದು 0.53 ಡಿಬೈ ಅಂತ ಆಮೇಲೆ ಹೇಳಿದೆ.

ಅಂದಹಾಗೆ, ಕಡ್ಡಿ ಚುಚ್ಚಿದ ಆಲೂಗಡ್ಡೆಯನ್ನು ಕಿಟಕಿಯ ಮೇಲೆ ಬಿಸಿಲಿಗೆ ಇಟ್ಟು ಮರೆಯಬೇಡಿ, ಹಸಿರಾದರೆ ತಿನ್ನುವ ಹಾಗಿಲ್ಲ. ಅವತ್ತೇ ಬೇಯಿಸಿ ಪಲ್ಯ ಮಾಡಿಬಿಡಿ. ಅವರೆಕಾಳನ್ನೂ ಅದಕ್ಕೇ ಹಾಕಿ.